ಎಣ್ಣೆ ಹತ್ತಿದ ಕ್ಲಚ್ಚು

ಕೃಷ್ಣರಾಜಪುರದ ಕೆರೆ ಏರಿ ಹತ್ತುವಾಗ ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು. ಕಾರಿನ ವೇಗ ಮಾತ್ರ ಹೆಚ್ಚಲಿಲ್ಲ. ಅಂಜನಮೂರ್ತಿ ಕಾಲನ್ನು ಅರ್ಧ ಎತ್ತಿ ಮತ್ತೆ ಮೆಲ್ಲಗೆ ಒತ್ತಿದ. ಎಂಜಿನ್ ಅರಚಿತು, ಕಾರು ತೆವಳಿತು. ನೆಲದ ಹಲಗೆಗಳ ಸಂದಿಯಿಂದ ಸುಟ್ಟ ವಾಸನೆ ಮೇಲಕ್ಕೆ ಬಂತು.

"ಏನ್ರೀ ಅದು ವಾಸ್ನೆ?" ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ ಶಾಂತಕುಮಾರಿ.

"ಕ್ಲಚ್ಚು. ಜಾರ್ತಾ ಇದೆ. ಎಂಜಿನ್ ತಿರುಗಿದ್ರೂ ಚಕ್ರಕ್ಕೆ ಹಿಡೀತಿಲ್ಲ." ಅವನು ಹಿಂದಕ್ಕೆ ತಿರುಗಿ ನೋಡಲಿಲ್ಲ. "ಮಗು ಎದ್ದಿದಾಳಾ?"

"ಮಲಗಿದಾಳೆ."

ಹಿಂದಿನ ಸೀಟಿನಲ್ಲಿ ಎಂಟು ವರ್ಷದ ಪಟಾಲಮ್ಮ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು ನಿದ್ದೆಹೋಗಿದ್ದಳು. ಅವಳ ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಚುಚ್ಚಿದ ಸೂಜಿಯ ಗಂಟುಗಳು ಕೆಂಪಗೆ ಊದಿಕೊಂಡಿದ್ದವು.

ಅದು ನಲವತ್ತನಾಲ್ಕರ ಕಾರ್ತಿಕ ಮಾಸ. ಅಂಜನಮೂರ್ತಿ ಯುದ್ಧಕ್ಕೆ ಸೇರುವ ಮುಂಚೆ ದಂಡು ರೈಲ್ವೆ ಸ್ಟೇಷನ್ನಿನ ಮುಂದೆ ಇದೇ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದವನು. ಸೈನ್ಯದ ಪಟಾಲಮಿಗೆ ಸೇರಿ, ಬರ್ಮಾ ಗಡಿಯ ಬೆಟ್ಟದ ದಾರಿಯಲ್ಲಿ ಲಾರಿ ಓಡಿಸುತ್ತಿದ್ದಾಗ ಪೆಟ್ರೋಲ್ ಡಬ್ಬಗಳಿಗೆ ಬೆಂಕಿ ಹತ್ತಿತು. ಒಳಗೆ ಸಿಕ್ಕಿಕೊಂಡಿದ್ದ ಜೊತೆಗಾರನನ್ನು ಎಳೆಯಲು ಹೋಗಿ ಎರಡು ಕೈಯನ್ನೂ ಸುಟ್ಟುಕೊಂಡ. ಜೊತೆಗಾರ ಉಳಿಯಲಿಲ್ಲ. ಇವನ ಬಲಗೈಯ ಬೆರಳುಗಳು ಅಂಗೈಗೆ ಅಂಟಿ ಮುದ್ದೆಯಾದವು. ಎಡಗೈಯಲ್ಲಿ ಹೆಬ್ಬೆರಳೊಂದು ಅಷ್ಟಿಷ್ಟು ಆಡುತ್ತಿತ್ತು. ಊರಿಗೆ ಬಂದಮೇಲೆ ಅವನು ಕಾರಿನ ಹತ್ತಿರಕ್ಕೂ ಹೋಗಿರಲಿಲ್ಲ. ಅದು ಹುಲ್ಲಿನ ಚಪ್ಪರದಡಿ ನಿಂತು, ಒಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು.

ಅದನ್ನು ಹೊರಗೆ ತೆಗೆಸಿದ್ದು ಒಂದು ಹುಚ್ಚುನಾಯಿ. ಅದು ಹುಡುಗಿಯ ಮೀನಖಂಡಕ್ಕೆ ಬಾಯಿ ಹಾಕಿದ ದಿನ ಅಂಜನಮೂರ್ತಿ ಕೈಯ ಆಪರೇಷನ್ನಿಗೆಂದು ಮಿಲಿಟರಿ ಆಸ್ಪತ್ರೆಯಲ್ಲಿದ್ದ. ಹಿಂತಿರುಗಿದಾಗ ಮಗಳ ಕಾಲಿಗೆ ಯಾವುದೋ ಸೊಪ್ಪಿನ ಪಟ್ಟು ಕಟ್ಟಿತ್ತು. ಅವನ ತಾಯಿ ದೊಡ್ಡಮುನಿಯಮ್ಮ ಹೊಸಕೋಟೆ ಕಡೆಯ ನಾಟಿ ವೈದ್ಯನ ಹತ್ತಿರ ಕರೆದೊಯ್ದು ಮದ್ದು ಕುಡಿಸಿದ್ದಳು. ಒಂದು ವಾರ ಹೀಗೇ ಕಳೆದುಹೋಗಿತ್ತು. ಆ ದಿನವೇ ಅವನು ಮಗಳನ್ನು ದಂಡು ಪ್ರದೇಶದ ದೊಡ್ಡಾಸ್ಪತ್ರೆಗೆ ಒಯ್ದ. ಡಾಕ್ಟರು ಗಾಯ ನೋಡಿ, "ತಡ ಮಾಡಿದೀರಿ. ಹದಿನಾಲ್ಕು ಸೂಜಿ, ದಿನಕ್ಕೊಂದು. ಒಂದು ದಿನಾನೂ ತಪ್ಪಿಸ್ಬೇಡಿ. ಹನ್ನೆರಡು ಗಂಟೆಗೆ ನಮ್ಮ ಕೋಣೆ ಮುಚ್ತೀವಿ," ಎಂದಿದ್ದರು.

ಅಸ್ಸಾಮಿನ ಕ್ಯಾಂಪಿನಲ್ಲಿ ಒಬ್ಬ ಅಡಿಗೆಯವನು ಹುಚ್ಚುನಾಯಿ ಕಡಿದು ಬರುವ ಈ ರೋಗದಿಂದ ಸಾಯುವುದನ್ನು ಅಂಜನಮೂರ್ತಿ ಕಣ್ಣಾರೆ ಕಂಡಿದ್ದ. ಅದನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮಾರನೆಯ ದಿನವೇ ಕೋಳಿಗಳನ್ನು ಓಡಿಸಿ ಕಾರು ತೆಗೆದ. ಸ್ಟಿಯರಿಂಗನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿಯುವುದನ್ನು ಅಂಗಳದಲ್ಲೇ ಕಲಿತ. ಗೇರು ಹಾಕಲು ಮಾತ್ರ ಆಗಲಿಲ್ಲ. ಅದನ್ನು ಶಾಂತಕುಮಾರಿ ಕಲಿತಳು. ಅವನು ಕ್ಲಚ್ಚು ಒತ್ತಿ "ಎರಡು" ಎಂದರೆ ಅವಳು ಬಲಗೈಯಿಂದ ಎರಡಕ್ಕೆ ಎಳೆಯುತ್ತಿದ್ದಳು, "ಮೂರು" ಎಂದರೆ ಮೂರಕ್ಕೆ ತಳ್ಳುತ್ತಿದ್ದಳು. ಹೀಗೆ ಗಂಡಹೆಂಡಿರಿಬ್ಬರೂ ಸೇರಿ ಇದುವರೆಗೆ ಒಟ್ಟು ಎಂಟು ಸೂಜಿ ಮುಗಿಸಿದ್ದರು.

ಆ ಸಂಜೆ ಕಾರು ಮನೆ ತಲುಪಿದ್ದೇ ಹೆಚ್ಚು. ಅಂಗಳಕ್ಕೆ ತಿರುಗುವ ಸಣ್ಣ ಏರನ್ನೂ ಹತ್ತದೆ ನಿಂತುಬಿಟ್ಟಿತು. ದೊಡ್ಡಮುನಿಯಮ್ಮನೂ ಬಂದು ಮೂವರು ಸೇರಿ ತಳ್ಳಿದರು.

ಮಾರನೆಯ ಬೆಳಗಿನ ಜಾವಕ್ಕೇ ಶಾಂತಕುಮಾರಿ ಮಗಳನ್ನು ಕಂಕುಳಿಗೆ ಏರಿಸಿಕೊಂಡು ಮದ್ರಾಸು ರಸ್ತೆಗೆ ಹೋಗಿ ಬಸ್ಸಿಗೆ ಕಾದಳು. ಇದ್ದಿಲು ಗ್ಯಾಸಿನ ಬಸ್ಸು ಬಂತು. ಏಣಿಯ ಮೇಲೂ ಜನ ನೇತಾಡುತ್ತಿದ್ದರು. ಅವಳು ರಸ್ತೆಯ ನಡುವೆ ನಿಂತು ಕೈ ಮಾಡಿದರೂ ಡ್ರೈವರು ಪಕ್ಕಕ್ಕೆ ಹೊಡೆದುಕೊಂಡು ಹೋದ. ಸ್ಟೇಷನ್ನಿನಲ್ಲಿ ವಿಚಾರಿಸಿದರೆ, ಮಿಲಿಟರಿ ಗಾಡಿಗಳಿಗೆ ದಾರಿ ಬಿಡಬೇಕಾಗಿ ಪ್ಯಾಸೆಂಜರು ರೈಲು ಯಾವಾಗ ಬರುತ್ತದೋ ಹೇಳಲಾಗದು ಎಂದರು. ಊರಿನ ಎತ್ತಿನ ಗಾಡಿಗಳೆಲ್ಲ ವಿಮಾನದ ಮೈದಾನಕ್ಕೆ ಜಲ್ಲಿ ಹೊಡೆಯಲು ಹೋಗಿ ವಾರವಾಗಿತ್ತು. ಅವಳು ವಾಪಸು ಬಂದಾಗ ಅಂಜನಮೂರ್ತಿ ಕಾರಿನ ಬಾಗಿಲು ತೆರೆದುಕೊಂಡು, ಒಂದು ಕಾಲು ಪೆಡಲಿನ ಮೇಲಿಟ್ಟು ಕೂತಿದ್ದ.

"ಬಸ್ಸು ನಿಲ್ಲಿಸ್ಲಿಲ್ಲ," ಎಂದಳು. ಮಗಳನ್ನು ಜಗಲಿಯ ಚಾಪೆಯ ಮೇಲೆ ಮಲಗಿಸಿದಳು. ಮೈ ಬೆಚ್ಚಗಿತ್ತು.

ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ದೊಡ್ಡಮುನಿಯಮ್ಮ ಅಂದಳು: "ಒಂದಿನ ತಪ್ಪಿದ್ರೆ ಏನಾಯ್ತದಲಾ? ಮಗೀನ ಹೊಟ್ಟೆ ನೋಡು, ಜರಡಿ ಮಾಡವ್ರೆ. ನಮ್ಮ ಮದ್ದು ಬಿದ್ದಾಗ್ಲೇ ವಿಷ ಇಳ್ದೋಯ್ತು. ಇವತ್ತು ಮಲಗ್ಲಿ ಬಿಡು."

"ಅವ್ವಾ, ಬಾಯ್ಮುಚ್ಚು!" ಅಂಜನಮೂರ್ತಿ ಎಷ್ಟು ಜೋರಾಗಿ ಕೂಗಿದನೆಂದರೆ ಚಾಪೆಯ ಮೇಲಿದ್ದ ಹುಡುಗಿ ಬೆಚ್ಚಿಬಿದ್ದಳು. ಮುದುಕಿ ಸೆರಗು ಕೊಡವಿಕೊಂಡು ಎದ್ದು ಬೀದಿಗೆ ಹೋದಳು.

ಶಾಂತಕುಮಾರಿ ಕಾರಿನ ಹತ್ತಿರ ಬಂದಳು. "ಹೇಳಿ. ಏನಾಗಿದೆ ಇದಕ್ಕೆ?"

"ಜಾರೋದಕ್ಕೆ ಮೂರು ಕಾರಣ. ಪೆಡಲ್ ಬಿಗಿಯಾಗಿ, ಒಳಗಿನ ಪ್ಲೇಟು ಪೂರ್ತಿ ಕೂತ್ಕೊಳ್ದೆ ಇರ್ಬಹುದು. ಅದಾದ್ರೆ ಒಂದು ನಟ್ಟು ತಿರುಗ್ಸಿದ್ರೆ ಮುಗೀತು. ಇಲ್ಲಾಂದ್ರೆ ಪ್ಲೇಟಿಗೆ ಎಣ್ಣೆ ಹತ್ತಿರ್ಬಹುದು."

"ಮೂರನೇದು?"

"ಪ್ಲೇಟು ಸವೆದೋಗಿರ್ಬಹುದು. ಆಗ ಗೇರ್‌ಬಾಕ್ಸ್ ಇಳಿಸ್ಬೇಕು. ಸಾಮಾನು ಸಿಗಲ್ಲ, ಇಳಿಸೋಕೆ ಗಂಡಸರೂ ಇಲ್ಲ." ಅವನಿಗೆ ಗೊತ್ತಿದ್ದ ಮೆಕ್ಯಾನಿಕ್ಕುಗಳೆಲ್ಲ ಮಿಲಿಟರಿ ವರ್ಕ್‌ಶಾಪ್ ಸೇರಿದ್ದರು.

"ಮೊದಲ್ನೇದು ನೋಡೋಣ. ಬಿಸಿಲು ಆ ಹುಣಸೇಮರದ ಬುಡಕ್ಕೆ ಬರೋದ್ರೊಳ್ಗೆ ಆಗ್ಲಿಲ್ಲಾಂದ್ರೆ ನಾನು ಎತ್ಕೊಂಡು ನಡೀತೀನಿ."

ನಡೆದರೆ ಹನ್ನೆರಡರೊಳಗೆ ತಲುಪುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಪೆಡಲನ್ನು ಒತ್ತಿದರೆ ಮೊದಲ ಒಂದು ಅಂಗುಲ ಸಡಿಲವಾಗಿ ಹೋಗಿ, ಆಮೇಲೆ ಬಿಗಿ ಸಿಗಬೇಕು. ಅಂಜನಮೂರ್ತಿ ಪಾದವಿಟ್ಟು ನೋಡಿದ. ಮುಟ್ಟಿದ ಕೂಡಲೇ ಬಿಗಿ. ಅವನ ಮುಖದಲ್ಲಿ ಸ್ವಲ್ಪ ಆಸೆ ಮೂಡಿತು. "ಇದೇ ಇರ್ಬಹುದು ಕಣೇ. ಕೆಳಗೆ ಹೋಗು. ಪೆಡಲಿಂದ ಒಂದು ಸಲಾಕೆ ಹಿಂದಕ್ಕೆ ಹೋಗಿರುತ್ತೆ. ಅದರ ತುದೀಲಿ ಎರಡು ನಟ್ಟು, ಒಂದರ ಬೆನ್ನಿಗೊಂದು."

ಶಾಂತಕುಮಾರಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಣಿತಾಟು ಹಾಸಿ, ಅಂಗಾತ ಕಾರಿನಡಿಗೆ ತೂರಿದಳು. ಅವಳು ಹಲಸೂರಿನ ಹತ್ತಿರದ ಮರ್ಫಿ ಟೌನಿನಲ್ಲಿ ಬೆಳೆದವಳು. ಅಪ್ಪ ಮಿಲ್ಲಿನಲ್ಲಿದ್ದ, ಅಣ್ಣ ಪಿಳ್ಳಪ್ಪ ಈಗಲೂ ಆ ಟೌನಿನಲ್ಲೇ ವಾಸವಾಗಿದ್ದ. ಕಬ್ಬಿಣದ ಸಾಮಾನು ಅವಳಿಗೆ ಹೊಸದಲ್ಲ, ಆದರೆ ಕಾರಿನ ಹೊಟ್ಟೆಯನ್ನು ಎಂದೂ ನೋಡಿರಲಿಲ್ಲ. ಮಣ್ಣು, ಜಿಡ್ಡು, ಕೋಳಿಪುಕ್ಕ ಎಲ್ಲ ಸೇರಿ ಒಂದು ಪದರ ಕಟ್ಟಿತ್ತು.

"ಸಿಕ್ತು," ಎಂದಳು. "ಬರ್ತಾ ಇಲ್ಲ. ತುಕ್ಕು ಹಿಡ್ದಿದೆ."

"ಹಿಂದಿನ ನಟ್ಟಿಗೆ ಒಂದು ಸ್ಪ್ಯಾನರ್ ಹಾಕಿ ಹಿಡ್ಕೊ. ಮುಂದಿಂದನ್ನ ಎಳೆ. ನಿನ್ನ ಕಡೆಗೆ."

ಸ್ಪ್ಯಾನರು ಜಾರಿತು. ಅವಳ ಬೆರಳಿನ ಗೆಣ್ಣು ಕಬ್ಬಿಣಕ್ಕೆ ಬಡಿದು ಚರ್ಮ ಕಿತ್ತುಬಂತು. ಅವಳು ಹಲ್ಲು ಕಚ್ಚಿ ಮತ್ತೆ ಎಳೆದಳು. ಮತ್ತೆ ಜಾರಿತು.

"ಹೊರಗೆ ಬಾ. ನಾನು ನೋಡ್ತೀನಿ," ಎಂದ ಅಂಜನಮೂರ್ತಿ.

ಅವಳು ಹೊರಗೆ ಬಂದಳು. ಅವನು ತೂರಿಕೊಂಡು, ಎಡಗೈಯ ಹೆಬ್ಬೆರಳಿಗೂ ಅಂಗೈಗೂ ನಡುವೆ ಸ್ಪ್ಯಾನರನ್ನು ಸಿಕ್ಕಿಸಿ, ಬಲಗೈಯ ಮುದ್ದೆಯಿಂದ ಅದುಮಿದ. ಸ್ಪ್ಯಾನರು ಎದೆಯ ಮೇಲೆ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಮೂರನೆಯ ಸಲ ಅದು ಮುಖದ ಮೇಲೇ ಬಿತ್ತು. ಅವನು ಅಲ್ಲೇ ಮಲಗಿ ಬಲಗೈಯನ್ನು ಗೇರ್‌ಬಾಕ್ಸಿಗೆ ದಡ್ ದಡ್ ಎಂದು ಬಡಿಯತೊಡಗಿದ. ಶಾಂತಕುಮಾರಿ ಕಾಲು ಹಿಡಿದು ಎಳೆದು ಹೊರಗೆ ತಂದಳು. ತುಟಿ ಒಡೆದು ರಕ್ತ ಬರುತ್ತಿತ್ತು.

"ಅಲ್ಲೇ ಸುಟ್ಟೋಗ್ಬೇಕಾಗಿತ್ತು ನಾನು," ಎಂದ. "ಏನಕ್ಕೆ ಬಂದೆ ಇಲ್ಲಿಗೆ. ಮಗಳು ಸಾಯೋದು ನೋಡೋಕೆ ಬಂದೆ."

"ಸುಟ್ಟೋಗಿದ್ರೆ ಈ ನಟ್ಟು ಯಾವ್ದೂಂತ ನಂಗೆ ಯಾರು ಹೇಳ್ತಿದ್ರು?" ಅವಳು ಬಿದ್ದ ಸ್ಪ್ಯಾನರನ್ನು ಎತ್ತಿಕೊಂಡಳು. "ಅಳೋದಾದ್ರೆ ಆಮೇಲೆ ಅಳಿ. ಬಿಗಿ ಬಿಡ್ಸೋಕೆ ಏನ್ ಮಾಡ್ಬೇಕು, ಅದನ್ನ ಹೇಳಿ."

ಅವನು ತೋಳಿನಿಂದ ಮುಖ ಒರೆಸಿಕೊಂಡ. "ಸೀಮೆಎಣ್ಣೆ ಬಿಟ್ಟು, ನಟ್ಟಿನ ಪಕ್ಕಕ್ಕೆ ಸುತ್ತಿಗೇಲಿ ಬಡಿ. ಮೆಲ್ಲಗೆ, ಸುತ್ತಲೂ," ಎಂದ.

ಹಾಗೆ ಮಾಡಿದ ಮೇಲೆ ನಟ್ಟು ಕಿರ್ ಎಂದು ಅಲುಗಿತು. ಒಂದೊಂದೇ ಸುತ್ತು ಬಿಚ್ಚಿದಳು. ಪೆಡಲಿನಲ್ಲಿ ಒಂದು ಅಂಗುಲ ಸಡಿಲ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಮುಂದೆ ಹೋಗಿ ಹ್ಯಾಂಡಲ್ ಹೊಡೆದಳು. ಎಂಜಿನ್ ಶುರುವಾಯಿತು.

"ಹ್ಯಾಂಡ್‌ಬ್ರೇಕ್ ಎಳಿ. ಟಾಪ್ ಗೇರ್ ಹಾಕು," ಎಂದ. "ನಾನು ಕ್ಲಚ್ ಬಿಡ್ತೀನಿ. ಪ್ಲೇಟು ಸರಿಯಾಗಿ ಹಿಡಿದ್ರೆ ಎಂಜಿನ್ ಉಸಿರುಕಟ್ಟಿ ನಿಂತೋಗ್ಬೇಕು. ನಿಲ್ದೇ ಓಡ್ತಾ ಇದ್ರೆ, ಜಾರ್ತಾ ಇದೇಂತ."

ಕ್ಲಚ್ಚು ಬಿಟ್ಟ. ಎಂಜಿನ್ ಸ್ವಲ್ಪ ತಗ್ಗಿತು. ನಿಲ್ಲಲಿಲ್ಲ. ಗಡಗಡ ಎನ್ನುತ್ತ ಓಡುತ್ತಲೇ ಇತ್ತು. ಮತ್ತೆ ಅದೇ ಸುಟ್ಟ ವಾಸನೆ. ಅವನು ಸ್ವಿಚ್ಚು ಆರಿಸಿ, ಸ್ಟಿಯರಿಂಗಿಗೆ ಹಣೆ ಇಟ್ಟುಕೊಂಡ.

ಶಾಂತಕುಮಾರಿ ಹುಣಸೇಮರ ನೋಡಿದಳು. ಬಿಸಿಲು ಅರ್ಧ ಅಂಗಳ ದಾಟಿತ್ತು. ಅವಳು ಜಗಲಿಗೆ ಹೋಗಿ ಮಗಳ ತಲೆಯಡಿ ಕೈ ಹಾಕಿದಳು, ಎತ್ತಿಕೊಂಡು ಹೊರಡಲೆಂದೇ.

ಆಗಲೇ ದೊಡ್ಡಮುನಿಯಮ್ಮ ಬೀದಿಯಿಂದ ಬಂದಳು. ಬೆಳಿಗ್ಗೆ ಕೋಪ ಮಾಡಿಕೊಂಡು ಹೋದ ಮುದುಕಿ ಈಗ ಗೋಡೆ ಹಿಡಿದುಕೊಂಡು ಬರುತ್ತಿದ್ದಳು.

"ಬೀದಿ ತುದಿ ಮನೆ ಬೈಲಪ್ಪನ ಕರು," ಎಂದಳು. "ಅದೇ ನಾಯಿ ಕಚ್ಚಿತ್ತಲ್ಲ, ಆ ಕರು. ರಾತ್ರಿಯಿಂದ ಒದರ್ತಾ ಅದೆ. ಗೂಟಾನೇ ಕಚ್ತಾ ಅದೆ. ಬಾಯಲ್ಲಿ ನೊರೆ... ಹತ್ರ ಹೋಗೋಕೆ ಆಗ್ತಿಲ್ಲ ಕಣಪ್ಪ." ಅವಳು ಮೊಮ್ಮಗಳ ಕಡೆ ನೋಡಿದಳು, ಥಟ್ಟನೆ ಬೇರೆ ಕಡೆ ತಿರುಗಿದಳು. "ಅಂಜ್ನಾ, ಈ ಗಾಡಿ ಹೊರಡ್ಸಪ್ಪ. ಏನಾರಾ ಮಾಡಿ ಹೊರಡ್ಸು."

ಈಗ ದೂರದಿಂದ ಕರುವಿನ ಕೂಗು ಎಲ್ಲರಿಗೂ ಕೇಳಿಸಿತು. ಒಡೆದ ಗಂಟಲಿನ ಕೂಗು.

ಅಂಜನಮೂರ್ತಿ ಇಳಿದು ಬಂದ. "ಎರಡನೇದು ನೋಡೋಣ," ಎಂದ. "ಗೇರ್‌ಬಾಕ್ಸ್ ಮುಂದೆ, ತಳದಲ್ಲಿ, ಒಂದು ತಗಡಿನ ಮುಚ್ಚಳ ಇರುತ್ತೆ. ಬಿಚ್ಚು."

ಅದನ್ನು ಬಿಚ್ಚಿದಾಗ ಒಂದು ಹಿಡಿ ಕಪ್ಪು ಎಣ್ಣೆ ಶಾಂತಕುಮಾರಿಯ ತೋಳಿನ ಮೇಲೆ ಸುರಿಯಿತು. ಒಳಗೆ ಕತ್ತಲು. "ಏನೂ ಕಾಣ್ತಿಲ್ಲ, ದೀಪ ಕೊಡಿ," ಎಂದಳು.

"ಬೇಡ! ದೀಪ ಬೇಡ!" ಎಂದ ಅವನು. ಆಮೇಲೆ ಮುದುಕಿಗೆ, "ಅವ್ವಾ, ಕನ್ನಡಿ ತಗೊಂಡು ಬಾ. ಬಿಸಿಲನ್ನ ಒಳಕ್ಕೆ ಬಿಡು," ಎಂದ.

ದೊಡ್ಡಮುನಿಯಮ್ಮ ಗೋಡೆಗೆ ನೇತುಹಾಕಿದ್ದ ಕನ್ನಡಿ ಕಿತ್ತು ತಂದು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಬಿಸಿಲಿನ ತುಂಡೊಂದು ಅತ್ತಿತ್ತ ಓಡಾಡಿ ಕಾರಿನಡಿಗೆ ಹೋಗಿ ನಿಂತಿತು.

"ಎಲ್ಲಾ ಒದ್ದೆ. ದೊಡ್ಡ ಚಕ್ರ ಇದೆ, ಅದಕ್ಕೆ ಅಂಟಿ ಇನ್ನೊಂದು ತಟ್ಟೆ. ಅಂಚೆಲ್ಲ ಎಣ್ಣೆ."

"ಆ ತಟ್ಟೆ ಎಷ್ಟು ದಪ್ಪ ಇದೆ? ಮೊಳೆಗಳ ತಲೆ ಅಂಚಿಗೆ ಬಂದಿದ್ಯಾ?"

"ಇಲ್ಲ. ಬಳೆಯಷ್ಟು ದಪ್ಪ ಇದೆ."

"ಹಾಗಾದ್ರೆ ಸವೆದಿಲ್ಲ." ಅವನು ಉಸಿರು ಬಿಟ್ಟ. "ಎಂಜಿನ್ ಎಣ್ಣೆ ಹಿಂದಿನಿಂದ ಸೋರಿ ಒಳಕ್ಕೆ ಇಳಿದಿದೆ. ತೊಳೀಬೇಕು."

"ಸೀಮೆಎಣ್ಣೇಲಾ?"

ಅವನು ಪೆಟ್ರೋಲ್ ಡಬ್ಬದ ಕಡೆ ನೋಡಿದ. "ಅದು ಜಿಡ್ಡು ಬಿಡುತ್ತೆ. ಪೆಟ್ರೋಲೇ ಆಗ್ಬೇಕು."

ಪೆಟ್ರೋಲಿಗೆ ರೇಷನ್ ಚೀಟಿ. ಡಬ್ಬದಲ್ಲಿ ಇದ್ದದ್ದು ಆಸ್ಪತ್ರೆಗೆ ಹೋಗಿ ಬರಲು ಸಾಲುವಷ್ಟೇ. ಅವನು ಯೋಚಿಸುತ್ತಿದ್ದುದು ಅದಲ್ಲ. ಅಷ್ಟು ಇಕ್ಕಟ್ಟಿನಲ್ಲಿ, ಹೆಂಡತಿಯ ಸೀರೆಯ ಮೇಲೆ, ಮುಖದ ಮೇಲೆ ಪೆಟ್ರೋಲು ಸುರಿಯುವುದು ಅವನ ಕಣ್ಣ ಮುಂದೆ ಬರುತ್ತಿತ್ತು.

"ಒಲೆ ಆರಿಸು ಅವ್ವಾ," ಎಂದ. "ನೀರು ಹಾಕು, ಒಂದು ಕೆಂಡಾನೂ ಇರ್ಬಾರ್ದು. ಶಾಂತಾ, ಬ್ಯಾಟರಿ ವೈರು ಬಿಚ್ಚು. ಎರಡೂ."

ಒಲೆಗೆ ನೀರು ಹೊಯ್ದ ಹೊಗೆ ಕಂಡು ಪಕ್ಕದ ಮನೆಯ ಶಂಶುನ್ನೀಸಾ ಬಂದಳು. ವಯಸ್ಸಾದ ವಿಧವೆ, ದಂಡಿನಲ್ಲಿ ಅಂಗಡಿ ಇಟ್ಟಿದ್ದವನ ಹೆಂಡತಿ. ಅವನು ಹೋದಮೇಲೆ ತವರಿನ ಈ ಊರಿಗೆ ಬಂದು ನೆಲೆಸಿದ್ದಳು.

"ಕ್ಯಾ ಹುವಾ ಮಾ? ಒಲೆ ಯಾಕೆ ಆರ್ಸ್ದಿರಿ?" ಎಂದಳು. ವಿಷಯ ಕೇಳಿ ತಲೆಯ ಮೇಲಿನ ದುಪಟ್ಟಾವನ್ನು ಬಿಗಿಯಾಗಿ ಸುತ್ತಿಕೊಂಡಳು. "ನಾನೇನು ಮಾಡ್ಲಿ, ಹೇಳು ಬೇಟಾ."

"ತೊಳೆದ ಮೇಲೆ ಜಿಡ್ಡು ಹೀರೋಕೆ ಪುಡಿ ಬೇಕು, ಬೀಬಮ್ಮ. ಒಣಗಿದ್ದು, ನುಣ್ಣಗಿರೋದು. ಪಟಾಲಮಲ್ಲಿ ಅದಕ್ಕೇಂತ ಒಂದು ಮಣ್ಣು ಕೊಡ್ತಿದ್ರು. ಇಲ್ಲಿ ಎಲ್ಲಿ ಸಿಗುತ್ತೆ?"

"ಮಣ್ಣಾ? ತಲೆಗೆ ಹಚ್ಕೊಳ್ಳೋ ಮುಲ್ತಾನಿ ಮಿಟ್ಟಿ ಇದೆ ನನ್ನ ಹತ್ರ. ಜಿಡ್ಡೆಲ್ಲ ಹೋಗ್ತದೆ ಅದ್ರಲ್ಲಿ."

ಅಂಜನಮೂರ್ತಿ ಅವಳನ್ನೇ ನೋಡಿದ. "ತಗೊಂಡು ಬಾ," ಎಂದ. "ಕುಟ್ಟಿ, ಜರಡಿ ಹಿಡಿದು ತಗೊಂಡು ಬಾ."

ತೊಳೆಯುವಾಗ ಪ್ಲೇಟು ಬಿಡಿಯಾಗಿರಬೇಕು. ಅದಕ್ಕೆ ಅಂಜನಮೂರ್ತಿ ಸೀಟಿನಲ್ಲಿ ಕೂತು ಪೆಡಲನ್ನು ತಳಕ್ಕೆ ಒತ್ತಿ ಹಿಡಿದ. ಶಾಂತಕುಮಾರಿ ಮೂತಿಯ ಡಬ್ಬಿಯಲ್ಲಿ ಪೆಟ್ರೋಲು ತುಂಬಿ ಕಾರಿನಡಿ ಹೋದಳು. ಚಕ್ರಕ್ಕೂ ತಟ್ಟೆಗೂ ನಡುವಿನ ಕೂದಲೆಳೆಯ ಸಂದಿಗೆ ಸುರಿಯುತ್ತ, ಬಿದಿರ ಕಡ್ಡಿಗೆ ಸುತ್ತಿದ ಬಟ್ಟೆಯಿಂದ ತಿಕ್ಕಿದಳು. ಹೊರಗೆ ಶಂಶುನ್ನೀಸಾ ಎರಡು ಕೈಯಿಂದ ಹ್ಯಾಂಡಲ್ ಹಿಡಿದು ಅರ್ಧ ಸುತ್ತು ತಿರುಗಿಸುತ್ತಿದ್ದಳು. ದೊಡ್ಡಮುನಿಯಮ್ಮ ಕನ್ನಡಿ ಅಲುಗದಂತೆ ಹಿಡಿದು ಕೂತಿದ್ದಳು. ಕರು ಕೂಗಿದಾಗ ಮಾತ್ರ ಬೆಳಕು ನಡುಗುತ್ತಿತ್ತು.

ಹಲಗೆಯ ಸಂದಿಯಿಂದ ಪೆಟ್ರೋಲಿನ ವಾಸನೆ ಮೇಲೆ ಬಂದು ಅಂಜನಮೂರ್ತಿಯ ಮೂಗಿಗೆ ಬಡಿಯಿತು. ಪೆಡಲು ಬಿಟ್ಟು ಇಳಿದು, ಹೆಂಡತಿಯ ಕಾಲು ಹಿಡಿದು ಎಳೆದುಹಾಕಬೇಕೆಂದು ಅವನ ಮೈಯೆಲ್ಲ ಒದ್ದಾಡಿತು.

"ಸಾಕು ಶಾಂತಾ, ಹೊರಗೆ ಬಾ! ಸಾಕು!"

"ಇನ್ನೂ ಕರೀದೇ ಬರ್ತಿದೆ. ಪೆಡಲ್ ಬಿಡ್ಬೇಡಿ, ಬಟ್ಟೆ ಸಿಕ್ಕೊಳ್ತದೆ!"

"ಹೊರಗೆ ಬಾ ಅಂದೆ!"

"ರೀ!" ಅವಳ ಧ್ವನಿ ಕೆಳಗಿನಿಂದ ಬಂತು. "ಒತ್ತಿ ಹಿಡ್ಕೊಳ್ಳಿ. ನನ್ನ ಜೊತೆ ಏನಾದ್ರೂ ಮಾತಾಡ್ತಾ ಇರಿ."

ಅವನು ಆಸ್ಪತ್ರೆಯ ದಾರಿಯನ್ನೇ ಹೇಳತೊಡಗಿದ. "ಬೆನ್ನಿಗಾನಹಳ್ಳಿ ಕೆರೆ. ಆಮೇಲೆ ಬೈಯಪ್ಪನಹಳ್ಳಿ. ಅಲ್ಲಿ ರೈಲ್ವೆ ಗೇಟು ಬಿದ್ದಿರ್ಬಾರ್ದು. ಆಮೇಲೆ ಹಲಸೂರು..." ಹಲಸೂರು ಮುಗಿದಮೇಲೆ ಮತ್ತೆ ಬೆನ್ನಿಗಾನಹಳ್ಳಿಯಿಂದ ಶುರುಮಾಡಿದ. ಕಾಲಿಗೆ ಸೆಳೆತ ಬಂದು ಮೀನಖಂಡ ಕಲ್ಲಾಯಿತು. ಬಿಡಲಿಲ್ಲ.

ಕೊನೆಗೆ ಕೆಳಗಿಟ್ಟಿದ್ದ ಬೋಗುಣಿಗೆ ಬೀಳುತ್ತಿದ್ದ ಪೆಟ್ರೋಲು ತಿಳಿಯಾಯಿತು. ಬೋಗುಣಿಯನ್ನು ದೂರದ ತಿಪ್ಪೆಗೆ ಒಯ್ದು ಸುರಿದು ಮಣ್ಣು ಮುಚ್ಚಿದರು. ಗಾಳಿಗೆ ಆರಲು ಬಿಟ್ಟು ಎಲ್ಲರೂ ಕಾದು ಕೂತರು. ಆ ಹೊತ್ತು ಕಳೆಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಬಿಸಿಲು ಹುಣಸೇಮರದ ಬುಡ ಮುಟ್ಟಿತ್ತು. ಆದರೂ ಶಾಂತಕುಮಾರಿ ಕಾರಿನ ಪಕ್ಕದಿಂದ ಏಳಲಿಲ್ಲ.

ಪುಡಿಯನ್ನು ಆ ಸಂದಿಗೆ ಹಾಕುವುದು ಹೇಗೆಂದು ಅಂಜನಮೂರ್ತಿ ತಲೆಕೆಡಿಸಿಕೊಂಡಿದ್ದಾಗ ದೊಡ್ಡಮುನಿಯಮ್ಮ ಒಳಗಿನಿಂದ ಒಲೆ ಊದುವ ಕೊಳವೆ ತಂದು ಸೊಸೆಯ ಕೈಗಿಟ್ಟಳು. ಶಾಂತಕುಮಾರಿ ಕೊಳವೆಯ ತುದಿಗೆ ಮಿಟ್ಟಿ ತುಂಬಿ, ಸಂದಿಗೆ ಹಿಡಿದು ಊದಿದಳು. ಅರ್ಧ ಪುಡಿ ಅವಳ ಕಣ್ಣು ಮೂಗಿಗೇ ಬಂತು. ಕೆಮ್ಮುತ್ತ ಮತ್ತೆ ಊದಿದಳು, ಶಂಶುನ್ನೀಸಾ ಚಕ್ರ ಸುತ್ತಿಸಿದಂತೆಲ್ಲ ಊದಿದಳು.

ವೈರು ಸಿಕ್ಕಿಸಿದ ಮೇಲೆ ಅಂಜನಮೂರ್ತಿ ಸ್ವಿಚ್ಚು ಹಾಕಲು ಹಿಂಜರಿದ. ಎಲ್ಲಾದರೂ ಒಂದು ಕಿಡಿ ಹಾರಿದರೆ? ಅವ್ವನಿಗೂ ಶಂಶುನ್ನೀಸಾಗೂ ಮಗುವನ್ನೆತ್ತಿಕೊಂಡು ಬೀದಿಗೆ ಹೋಗಲು ಹೇಳಿದ. ಶಾಂತಕುಮಾರಿಗೂ ಹೇಳಿದ. ಅವಳು ಕೇಳಿಸಿಕೊಳ್ಳದವಳಂತೆ ಮುಂದೆ ಹೋಗಿ ಹ್ಯಾಂಡಲ್ ಹೊಡೆದಳು.

ಎಂಜಿನ್ ಶುರುವಾಯಿತು. ಏನೂ ಆಗಲಿಲ್ಲ. ಅವಳು ಬಂದು ಹ್ಯಾಂಡ್‌ಬ್ರೇಕ್ ಎಳೆದು, ಟಾಪ್ ಗೇರು ಹಾಕಿದಳು. ಅವನು ಪೆಡಲಿನಿಂದ ಕಾಲು ಎತ್ತಿದ.

ಕಾರು ಒಮ್ಮೆ ಜಗ್ಗಿತು. ಎಂಜಿನ್ ಬಿಕ್ಕಿ, ನಿಂತುಹೋಯಿತು.

"ನಿಂತೋಯ್ತು!" ಎಂದು ಶಾಂತಕುಮಾರಿ ಕೂಗಿದಳು. "ನಿಂತೋಯ್ತು ಕಣ್ರೀ!"

ಮುಚ್ಚಳ ಹಾಕಲೂ ಕಾಯದೆ ಹೊರಟರು. ಅಜ್ಜಿ ಹಿಂದಿನ ಸೀಟಿನಲ್ಲಿ ಮೊಮ್ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬೈಲಪ್ಪನ ಮನೆ ದಾಟುವಾಗ ಹುಡುಗಿಯ ಕಿವಿ ಮುಚ್ಚಿದಳು.

ಬೆನ್ನಿಗಾನಹಳ್ಳಿಯವರೆಗೂ ಕಾರು ಚೆನ್ನಾಗಿ ಹೋಯಿತು. ಅಂಜನಮೂರ್ತಿ ಹೆಚ್ಚು ಒತ್ತಲಿಲ್ಲ. ಮೂರರಲ್ಲೇ ಮೆಲ್ಲಗೆ, ಎಲ್ಲೂ ನಿಲ್ಲದಂತೆ ಓಡಿಸಿದ. ನಿಂತರೆ ಮತ್ತೆ ಹೊರಡುವಾಗಲೇ ಕ್ಲಚ್ಚಿಗೆ ಪೆಟ್ಟು. ಬೈಯಪ್ಪನಹಳ್ಳಿಯ ಗೇಟು ತೆರೆದಿತ್ತು. ಆದರೆ ಅದರಾಚೆ ಮಿಲಿಟರಿ ಲಾರಿಗಳ ಸಾಲು ಅಡ್ಡ ಬಂತು. ಕೆಂಪು ಪೇಟದ ಪೊಲೀಸಿನವನು ಕೈ ಎತ್ತಿ ನಿಲ್ಲಿಸಿದ. ಒಂದಾದ ಮೇಲೊಂದು ಲಾರಿಗಳು ಹೋಗುತ್ತಲೇ ಇದ್ದವು. ಶಾಂತಕುಮಾರಿ ಇಳಿದು ಹೋಗಿ ಪೊಲೀಸಿನವನಿಗೆ ಕೈ ಮುಗಿದಳು. ಮುಖದ ತುಂಬ ಮಣ್ಣು, ತೋಳಿನ ತುಂಬ ಕರಿ ಎಣ್ಣೆ. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದ. "ನಾನೇನ್ಮಾಡ್ಲಮ್ಮ? ಪಟಾಲಮ್ ಗಾಡಿ ನಾನ್ ನಿಲ್ಸಕ್ಕಾಯ್ತದಾ?"

ಕೊನೆಯ ಲಾರಿ ಹೋದಮೇಲೆ ಮತ್ತೆ ಹೊರಡುವಾಗ ಎಂಜಿನ್ ಅರಚಿತು. ಹಲಸೂರಿನ ಏರಿನಲ್ಲಿ ಹೊಗೆ ಬಂತು. ಪೇಟೆಯ ಬಾಯಿಗೆ ಬರುವಷ್ಟರಲ್ಲಿ ಕಾರು ನಿಂತಲ್ಲೇ ನಿಂತಿತು.

ಅಂಜನಮೂರ್ತಿ ಬಾಗಿಲು ಒದ್ದು ಇಳಿದ. ಹಿಂದಿನ ಬಾಗಿಲಿಗೆ ಬಗ್ಗಿ, "ನನ್ನ ತೋಳಿನ ಮೇಲೆ ಹಾಕು," ಎಂದ.

"ನೀವು ಹೆಂಗೆ..."

"ಕೈ ಇಲ್ದಿದ್ರೇನು, ತೋಳಿದ್ಯಲ್ಲ. ಹಾಕು!"

ಶಾಂತಕುಮಾರಿ ಮಗಳನ್ನು ಎತ್ತಿ ಅವನ ಎರಡು ತೋಳಿನ ಮೇಲಿಟ್ಟಳು. "ಅಪ್ಪನ ಕತ್ತು ತಬ್ಕೊ ಪಟಾಲಿ," ಎಂದಳು. ಹುಡುಗಿ ತಬ್ಬಿಕೊಂಡಳು. ಅವನು ಓಡತೊಡಗಿದ. ಹಲಸೂರು ಪೇಟೆಯ ಜನ ದಾರಿ ಬಿಟ್ಟರು. ಕೆರೆಯ ಪಕ್ಕದಲ್ಲಿ ಓಡಿದ. ಈಗ ಶಿವಾಜಿನಗರ ಎನ್ನುವ ಆ ಕಡೆಯ ಇಕ್ಕಟ್ಟು ಬೀದಿಗಳಲ್ಲಿ ಜಟಕಾಗಳ ನಡುವೆ ನುಸುಳಿದ. ಎದೆ ಒಡೆಯುವಂತಾಗಿ ಒಮ್ಮೆ ಗೋಡೆಗೆ ಒರಗಿ ನಿಂತ.

"ಅಪ್ಪಾ, ಇಳಿಸು. ನಡೀತೀನಿ," ಎಂದಳು ಮಗಳು.

"ಮಾತಾಡ್ಬೇಡ ಮಗಾ. ಗಟ್ಟಿಯಾಗಿ ಹಿಡ್ಕೊ."

ಆಸ್ಪತ್ರೆಯ ಆ ಕೋಣೆಯ ಬಾಗಿಲು ಮುಚ್ಚಿತ್ತು. ಅವನಿಗೆ ಚಿಲಕ ತೆಗೆಯಲು ಆಗುತ್ತಿರಲಿಲ್ಲ. ಭುಜದಿಂದ ಗುದ್ದಿದ. ಒಳಗೆ ಯಾರೂ ಮಾತಾಡಲಿಲ್ಲ. ಕಾಲಿನಿಂದ ಒದ್ದ. "ಅಮ್ಮಾ! ಸಿಸ್ಟರಮ್ಮಾ!" ಎಂದು ಕೂಗಿದಾಗ ಅವನ ಗಂಟಲಿಂದ ಬಂದ ಸದ್ದು ಅವನಿಗೇ ಗುರುತು ಸಿಗಲಿಲ್ಲ. ವರಾಂಡದ ತುದಿಯಲ್ಲಿ ಹೊರಟುಹೋಗುತ್ತಿದ್ದ ನರ್ಸು ತಿರುಗಿ ನೋಡಿದಳು. ತೋಳಿನ ಮೇಲೆ ಮಗುವನ್ನಿಟ್ಟುಕೊಂಡು, ತುಟಿ ಒಡೆದು, ಬಾಗಿಲು ಒದೆಯುತ್ತಿದ್ದವನ ಹತ್ತಿರ ಅವಳು ಬೇಗಬೇಗ ನಡೆದು ಬಂದಳು.

"ಟೈಮ್ ಆಗೋಯ್ತು," ಎಂದಳು. ಹಾಗೆನ್ನುತ್ತಲೇ ಸೊಂಟದಿಂದ ಬೀಗದ ಕೈ ತೆಗೆದಳು.

ಸೂಜಿ ಚುಚ್ಚುವಾಗ ಪಟಾಲಮ್ಮ ಎಂದಿನಂತೆ ಕಿರುಚಿದಳು. ಅಂಜನಮೂರ್ತಿ ಅವಳ ಕಾಲುಗಳನ್ನು ಮೊಣಕೈಯಿಂದ ಅದುಮಿ ಹಿಡಿದು, "ಕಿರ್ಚು ಮಗಾ, ಕಿರ್ಚು," ಎನ್ನುತ್ತಿದ್ದ.

ಅತ್ತೆಯನ್ನು ಕಾರಿನ ಹತ್ತಿರ ಬಿಟ್ಟು ಶಾಂತಕುಮಾರಿ ಬಂದು ಸೇರಿದಾಗ ಅವನು ವರಾಂಡದ ಮೆಟ್ಟಿಲ ಮೇಲೆ ಮಗಳನ್ನು ಮಡಿಲಿಗೆ ಹಾಕಿಕೊಂಡು ಕೂತಿದ್ದ.

"ಹಾಕಿದ್ರಾ?"

"ಹಾಕಿದ್ರು."

ಅವಳು ಅಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕುಸಿದಳು. ಸೆರಗಿನಲ್ಲಿ ಒಣ ಜಾಗ ಹುಡುಕಿದಳು, ಸಿಗಲಿಲ್ಲ. ಎಣ್ಣೆಯ ಸೆರಗನ್ನೇ ಬಾಯಿಗೆ ಒತ್ತಿಕೊಂಡು ಅತ್ತಳು. ಅವನು ತಡೆಯಲಿಲ್ಲ. ಬಲಗೈಯನ್ನು ಅವಳ ತಲೆಯ ಮೇಲಿಟ್ಟು ಕೂತ.

ಉಳಿದ ಐದು ದಿನ ಅವರು ಊರಿಗೆ ಹೋಗಲಿಲ್ಲ. ಮರ್ಫಿ ಟೌನಿನಲ್ಲಿ ಶಾಂತಕುಮಾರಿಯ ಅಣ್ಣ ಪಿಳ್ಳಪ್ಪನ ಒಂದೇ ಕೋಣೆಯ ಮನೆಯಲ್ಲಿ ಎಲ್ಲರೂ ಮಲಗಿದರು. ಬೆಳಿಗ್ಗೆ ಎದ್ದು ನಡೆದೇ ಆಸ್ಪತ್ರೆಗೆ ಹೋಗಿಬಂದರು. ಹದಿನಾಲ್ಕೂ ಮುಗಿಯಿತು. ಬೈಲಪ್ಪನ ಕರು ಅವರು ಹೋದ ರಾತ್ರಿಯೇ ಸತ್ತಿತ್ತು. ಡಾಕ್ಟರು, "ಇನ್ನು ನೋಡ್ತಾ ಇರ್ಬೇಕು ಅಷ್ಟೇ," ಎಂದದ್ದರಿಂದ ಅವರು ನೋಡುತ್ತ ಇದ್ದರು. ಹುಡುಗಿ ಕೆಮ್ಮಿದರೂ, ಊಟ ಸಾಕೆಂದರೂ, ತಟ್ಟನೆ ಸುಮ್ಮನಾದರೂ ಮೂವರ ಎದೆಯೂ ಹೊಡೆದುಕೊಳ್ಳುತ್ತಿತ್ತು. ಸಂಕ್ರಾಂತಿ ಹೋಯಿತು, ಯುಗಾದಿ ಬಂತು. ಪಟಾಲಮ್ಮನಿಗೆ ಏನೂ ಆಗಲಿಲ್ಲ.

ಕಾರನ್ನು ಎರಡೆತ್ತು ಕಟ್ಟಿ ಊರಿಗೆ ಎಳೆಸಿದ್ದರು. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಶಾಂತಕುಮಾರಿ ಗೋಣಿತಾಟು ಹಾಸಿ, ತಾನಾಗಿಯೇ ಅದರಡಿಗೆ ತೂರಿದಳು. "ಎಣ್ಣೆ ಎಲ್ಲಿಂದ ಸೋರ್ತಿದೆ, ಹೇಳಿ," ಎಂದಳು. ಅಂಜನಮೂರ್ತಿ ಅವಳ ತಲೆಯ ಹತ್ತಿರ ನೆಲದ ಮೇಲೆ ಮಲಗಿ ಹೇಳತೊಡಗಿದ.